ಜೈಲಲ್ಲಿ ಇರೋರೆಲ್ಲ ಶಿಕ್ಷೆ ಆದೋರಾ?

ಕೋಲಾರದ ಟೊಮ್ಯಾಟೊ ಮಂಡಿಯವ್ರ ಗ್ರೂಪಲ್ಲಿ ಒಂದು ಫಾರ್ವರ್ಡ್ ಓಡಾಡ್ತಿದೆ, "ಲಂಡನ್ ಸಂಸ್ಥೆ ರಿಪೋರ್ಟ್, ಜಗತ್ತಲ್ಲೇ ಜಾಸ್ತಿ ಅಪರಾಧಿಗಳು ಭಾರತದ ಜೈಲಲ್ಲಿ" ಅಂತ.

ಸಂಸ್ಥೆ ಇರೋದು ನಿಜ. ವರ್ಲ್ಡ್ ಪ್ರಿಸನ್ ಬ್ರೀಫ್ ಅಂತ, ಲಂಡನ್ನಿನ ಬಿರ್ಕ್‌ಬೆಕ್ ಕಾಲೇಜಿನ ಸಂಶೋಧಕರು ನಡೆಸೋದು, ಆಯಾ ದೇಶದ ಸರ್ಕಾರಿ ಲೆಕ್ಕಾನೇ ಮುಖ್ಯವಾಗಿ ಒಟ್ಟು ಮಾಡ್ತಾರೆ. ಅವ್ರ ಲೆಕ್ಕದಲ್ಲಿ ಒಟ್ಟು ಕೈದಿಗಳ ಸಂಖ್ಯೆಯಲ್ಲಿ ನಂಬರ್ ಒನ್ ನಾವಲ್ಲ, ಅಮೆರಿಕ. ಲಕ್ಷ ಜನಕ್ಕೆ ಅಲ್ಲಿ 500ಕ್ಕಿಂತ ಜಾಸ್ತಿ ಜನ ಒಳಗಿದ್ರೆ ನಮ್ಮಲ್ಲಿ 40ರ ಆಸುಪಾಸು ಅಷ್ಟೇ.

ಇನ್ನು "ಅಪರಾಧಿಗಳು" ಅನ್ನೋದಂತೂ ಪೂರ್ತಿ ತಪ್ಪು. ಕೇಂದ್ರ ಸರ್ಕಾರದ ಅಪರಾಧ ದಾಖಲೆ ಸಂಸ್ಥೆ ಎನ್‌ಸಿಆರ್‌ಬಿ ಪ್ರಕಾರ 2022ರ ಕೊನೆಗೆ ಒಳಗಿದ್ದ 5,73,220 ಜನರಲ್ಲಿ 4,34,302 ಜನ ವಿಚಾರಣಾಧೀನರು, ಅಂದ್ರೆ ನಾಲ್ಕರಲ್ಲಿ ಮೂವರ ಕೇಸು ಇನ್ನೂ ತೀರ್ಮಾನ ಆಗಿಲ್ಲ. ಬೇಲ್ ಸಿಕ್ಕಿದ್ರೂ ಎಷ್ಟೋ ಜನ ಈಚೆ ಬರಲ್ಲ, ಪಹಣಿ ಹಿಡ್ಕೊಂಡು ಕೋರ್ಟಿಗೆ ಬಂದು ಜಾಮೀನು ನಿಲ್ಲೋರು ಬೇಕಲ್ಲ, ತುಂಡು ಜಮೀನೂ ಇಲ್ದೋನಿಗೆ ಯಾರು ನಿಲ್ತಾರೆ ಹೇಳಿ. (ನೆಂಟರೂ ಫೋನ್ ಎತ್ತಲ್ಲ.)

ಅಂದಹಾಗೆ ಸಿಆರ್‌ಪಿಸಿ ಜಾಗಕ್ಕೆ ಬಂದ ಹೊಸ ಕಾನೂನು ಬಿಎನ್‌ಎಸ್‌ಎಸ್‌ನ 479ನೇ ಸೆಕ್ಷನ್ ಪ್ರಕಾರ ಹಿಂದೆ ಯಾವ ಕೇಸಲ್ಲೂ ಶಿಕ್ಷೆ ಆಗದೋರು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೇ ಕಳೆದಿದ್ರೆ ಬಾಂಡ್ ಮೇಲೆ ಬಿಡಬೇಕು, ಮರಣದಂಡನೆ, ಜೀವಾವಧಿಯ ಕೇಸುಗಳಿಗೆ ಮಾತ್ರ ಇದಿಲ್ಲ, ಒಂದಕ್ಕಿಂತ ಹೆಚ್ಚು ಕೇಸಿದ್ರೂ ಸಿಗಲ್ಲ.