ಅರ್ಧ ಗಂಟೆಯ ಆಲ್ಬಮ್, ಇಡೀ ಸಂಜೆಯ ಜಗಳ

ಎಪ್ಪತ್ತರ ದಶಕದಲ್ಲಿ ಸದ್ದು ಮಾಡಿದ ಒರಟು, ವೇಗದ ಸಂಗೀತವಾದ ಪಂಕ್ ರಾಕ್ ಕೇಳುವವರು ಯಾವ ಕಟ್ಟುಪಾಡಿಗೂ ಜಗ್ಗುವುದಿಲ್ಲ ಎಂದು ನಂಬಿರುವವರು ನನ್ನ ಇಬ್ಬರು ಸ್ನೇಹಿತರನ್ನು ನೋಡಬೇಕು. ಪಂಕ್‌ನಲ್ಲಿ ಅತಿ ಶ್ರೇಷ್ಠ ಆಲ್ಬಮ್ ಯಾವುದು ಎಂಬ ಮಾತು ಬಂದರೆ ಸಾಕು, ಇಬ್ಬರೂ ಮಡಿ-ಮೈಲಿಗೆಯ ಲೆಕ್ಕ ತೆಗೆಯುತ್ತಾರೆ.

ಮೊದಲನೆಯವನು ಕಟ್ಟಾ ಸಂಪ್ರದಾಯಸ್ಥ. ಅವನ ಪಾಲಿಗೆ 1976ರ ಏಪ್ರಿಲ್‌ನಲ್ಲಿ ಬಂದ ರಾಮೋನ್ಸ್ ತಂಡದ ಮೊದಲ ಆಲ್ಬಮ್ಮೇ ವೇದ. ಹದಿನಾಲ್ಕು ಹಾಡು, ಒಟ್ಟು ಇಪ್ಪತ್ತೊಂಬತ್ತು ನಿಮಿಷ, ಖರ್ಚು ಸುಮಾರು 6,400 ಡಾಲರ್. ಗಿಟಾರ್ ಎಲ್ಲಾದರೂ ಸ್ವಲ್ಪ ಬಳುಕಿದರೆ ಅವನ ಮಡಿ ಕೆಡುತ್ತದೆ. ಎರಡನೆಯವನು ಉದಾರವಾದಿ. ಅವನಿಗೆ ದಿ ಕ್ಲ್ಯಾಶ್ ತಂಡದ ‘ಲಂಡನ್ ಕಾಲಿಂಗ್’ ಬಿಟ್ಟರೆ ಬೇರೆ ದೇವರಿಲ್ಲ. ಹತ್ತೊಂಬತ್ತು ಹಾಡುಗಳಲ್ಲಿ ರೆಗೆ, ಸ್ಕಾ, ರಾಕಬಿಲಿ ಹೀಗೆ ಪಂಕ್ ಅಲ್ಲದ ಶೈಲಿಗಳೂ ಉಂಟು. ಇಂಗ್ಲೆಂಡಿನಲ್ಲಿ 1979ರ ಡಿಸೆಂಬರ್‌ನಲ್ಲಿ ಹೊರಬಂದ ಈ ಆಲ್ಬಮ್ ಅಮೆರಿಕದ ಅಂಗಡಿಗಳನ್ನು ತಲುಪಿದ್ದು 1980ರ ಜನವರಿಯಲ್ಲಿ. ಅಷ್ಟೇ ನೆಪ ಸಾಕಾಗಿ, ರೋಲಿಂಗ್ ಸ್ಟೋನ್ ಪತ್ರಿಕೆ ಅದನ್ನು ಎಂಬತ್ತರ ದಶಕದ ಅತ್ಯುತ್ತಮ ಆಲ್ಬಮ್ ಎಂದು ಸಾರಿತು. ಹುಟ್ಟಿದ ತಾರೀಖು ತಿದ್ದಿ ಮಕ್ಕಳನ್ನು ಒಂದನೇ ತರಗತಿಗೆ ಸೇರಿಸಿಕೊಳ್ಳುತ್ತಿದ್ದ ನಮ್ಮ ಹಳೆಯ ಮೇಷ್ಟ್ರುಗಳ ಹಾಗೆ.

ಈ ವಾದ ಒಂದು ಭಾನುವಾರ ಸಂಜೆ ಹೋಟೆಲೊಂದರ ಮೂಲೆಯ ಮೇಜಿಗೆ ಬಂದು ಕುಳಿತಿತು. ಪಕ್ಕದ ಮೇಜಿನಲ್ಲಿ ಅಜ್ಜಿಯೊಬ್ಬರು ಮೊಮ್ಮಗನಿಗೆ ಇಡ್ಲಿ ತಿನ್ನಿಸುತ್ತಿದ್ದರು. ಸೆಕ್ಸ್ ಪಿಸ್ಟಲ್ಸ್ ತಂಡದ ಸರದಿ ಬಂದಾಗ ಹೆಸರನ್ನು ಬಾಯಿಬಿಟ್ಟು ಹೇಳುವುದು ಹೇಗೆ? ಅವರ 1977ರ ಆಲ್ಬಮ್ಮಿನ ಹೆಸರಂತೂ ಇನ್ನೂ ಕಷ್ಟ. ಅದನ್ನು ಕಿಟಕಿಯಲ್ಲಿ ತೂಗುಹಾಕಿದ್ದಕ್ಕೆ ನಾಟಿಂಗ್‌ಹ್ಯಾಮ್‌ನ ಅಂಗಡಿಯವನೊಬ್ಬ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು. ಅದೇನೂ ಅಶ್ಲೀಲ ಪದವಲ್ಲ ಎಂದು ಇಂಗ್ಲಿಷ್ ಪ್ರಾಧ್ಯಾಪಕರೊಬ್ಬರು ಸಾಕ್ಷಿ ನುಡಿದ ಮೇಲೆ ಅವನು ಬಚಾವಾದ. ನಮ್ಮ ಕಡೆಯಿಂದ ಸಾಕ್ಷಿ ಹೇಳಲು ಆ ಹೋಟೆಲಿನಲ್ಲಿ ಯಾವ ಪ್ರಾಧ್ಯಾಪಕರೂ ಇರಲಿಲ್ಲ. ಹಾಗಾಗಿ ಸಂಪ್ರದಾಯಸ್ಥ ಪೆನ್ನು ತೆಗೆದು, ಕೈ ಒರೆಸುವ ಕಾಗದದ ಮೇಲೆ ಹೆಸರುಗಳನ್ನು ಚುಟುಕಾಗಿ ಬರೆದು, ಎದುರಿಗೆ ಸ್ಥಾನದ ಅಂಕಿ ಹಾಕುತ್ತ ಹೋದ.

ಲಂಡನ್ ಕಾಲಿಂಗ್‌ಗೆ ಆರನೆಯ ಸ್ಥಾನ ಸಿಕ್ಕಿದ್ದೇ ತಡ, ಉದಾರವಾದಿ ಎದ್ದು ನಿಂತ. “ಅದರ ಮುಖಪುಟ ಒಂದೇ ಸಾಕಲ್ಲವೋ!” ಎಂದ. ನ್ಯೂಯಾರ್ಕಿನ ಪಲೇಡಿಯಂ ಸಭಾಂಗಣದಲ್ಲಿ ಕ್ಲ್ಯಾಶ್ ತಂಡದ ಪಾಲ್ ಸೈಮನನ್ ತನ್ನ ಬೇಸ್ ಗಿಟಾರನ್ನು ನೆಲಕ್ಕೆ ಅಪ್ಪಳಿಸುತ್ತಿರುವ ಚಿತ್ರ ಅದು. ತೆಗೆದ ಪೆನ್ನಿ ಸ್ಮಿತ್ ಅವರೇ ‘ಮಸುಕಾಗಿದೆ, ಬೇಡ’ ಎಂದಿದ್ದರು. ಅದನ್ನೆಲ್ಲ ಬಾಯಲ್ಲಿ ವಿವರಿಸಿದ್ದರೆ ಸಾಕಿತ್ತು. ಇವನು ಮಡಚಿದ ಕೊಡೆಯನ್ನು ಎರಡೂ ಕೈಯಲ್ಲಿ ಹಿಡಿದು, ಕಾಲು ಅಗಲಿಸಿ, ಬೆನ್ನು ಬಾಗಿಸಿ ಬೀಸಿಯೇ ಬಿಟ್ಟ. ಕೊಡೆಯ ಹಿಡಿ ಸಾಂಬಾರಿನ ಬಟ್ಟಲಿಗೆ ತಗುಲಿತು.

ಸಾಂಬಾರು ನೇರವಾಗಿ ಸಂಪ್ರದಾಯಸ್ಥನ ಎದೆಗೆ ಹೋಯಿತು. ಅವನು ತೊಟ್ಟಿದ್ದುದು ರಾಮೋನ್ಸ್ ಲಾಂಛನದ ಕರಿ ಅಂಗಿ. ಅದರಲ್ಲಿನ ಹದ್ದು ಒಂದು ಕಾಲಿನಲ್ಲಿ ಸೇಬಿನ ಕೊಂಬೆಯನ್ನೂ ಇನ್ನೊಂದರಲ್ಲಿ ಬೇಸ್‌ಬಾಲ್ ಬ್ಯಾಟನ್ನೂ ಹಿಡಿದಿರುತ್ತದೆ. ನುಗ್ಗೇಕಾಯಿಯ ತುಂಡೊಂದು ಸರಿಯಾಗಿ ಆ ಬ್ಯಾಟಿನ ಪಕ್ಕದಲ್ಲೇ ಅಂಟಿಕೊಂಡಿತು. ಅಜ್ಜಿಯ ಮೊಮ್ಮಗ ಚಪ್ಪಾಳೆ ತಟ್ಟಿದ. ಸಂಪ್ರದಾಯಸ್ಥ ನುಗ್ಗೇಕಾಯಿಯನ್ನು ಎರಡು ಬೆರಳಲ್ಲಿ ಕಿತ್ತು ತಟ್ಟೆಯಂಚಿಗಿಟ್ಟು, “ನಿನ್ನ ಲಂಡನ್ ಕಾಲಿಂಗ್‌ನ ತೊಂದರೆಯೂ ಇದೇ. ಅಗತ್ಯಕ್ಕಿಂತ ಹೆಚ್ಚು ಚೆಲ್ಲುತ್ತದೆ” ಎಂದ.

ಇಬ್ಬರೂ ಒರೆಸುವುದರಲ್ಲಿ ಮಗ್ನರಾಗಿದ್ದಾಗ ನಾನು ನನ್ನ ಮತವನ್ನು ಮುಂದಿಟ್ಟೆ: ಎಕ್ಸ್-ರೇ ಸ್ಪೆಕ್ಸ್ ತಂಡದ 1978ರ ‘ಜರ್ಮ್‌ಫ್ರೀ ಅಡೋಲೆಸೆಂಟ್ಸ್’. ಹಲ್ಲಿಗೆ ಕಟ್ಟಿದ ತಂತಿಯೊಂದಿಗೇ ವೇದಿಕೆ ಹತ್ತಿ, ಗಂಟಲು ಹರಿಯುವಂತೆ ಹಾಡಿದ ಅದರ ಗಾಯಕಿ ಪಾಲಿ ಸ್ಟೈರೀನ್ ಹೆಸರು ಇಂಥ ಪಟ್ಟಿಗಳಲ್ಲಿ ಯಾವಾಗಲೂ ಕೊನೆಯ ಸಾಲಿನಲ್ಲಿ, ಅದೂ ಯಾರಾದರೂ ನೆನಪಿಸಿದರೆ. ವಿಚಿತ್ರವೆಂದರೆ, ಆ ಸಂಜೆ ಇಬ್ಬರೂ ಒಮ್ಮತಕ್ಕೆ ಬಂದದ್ದು ನನ್ನನ್ನು ವಿರೋಧಿಸುವುದರಲ್ಲಿ ಮಾತ್ರ. ಆ ತಂಡದ ಹಾಡುಗಳಲ್ಲಿ ಸ್ಯಾಕ್ಸೊಫೋನ್ ಇರುವುದೇ ಅವರ ತಕರಾರು. “ಪಂಕ್‌ನಲ್ಲಿ ಸ್ಯಾಕ್ಸೊಫೋನೇ?” ಎಂದು ಒಟ್ಟಿಗೆ ಕೇಳಿದರು. ಕದ್ರಿ ಗೋಪಾಲನಾಥ್ ಅವರು ಅದೇ ವಾದ್ಯದಲ್ಲಿ ಕಲ್ಯಾಣಿ, ಮೋಹನಗಳನ್ನು ನುಡಿಸಿ ಕಚೇರಿಗಳನ್ನು ಗೆದ್ದ ನಾಡಿನಲ್ಲಿ ಕುಳಿತು ಕೇಳುವ ಪ್ರಶ್ನೆಯೇ ಇದು?

ನಾನು ಇದನ್ನು ಹೇಳಿ ಮುಗಿಸುವಷ್ಟರಲ್ಲಿ ಮಾಣಿ ಬಂದ. ಅವನ ಕೈಯಲ್ಲಿ ನಾಲ್ಕು ಬಟ್ಟಲು ಹಣ್ಣಿನ ಚೂರು, ಜೊತೆಗೆ ನಮ್ಮ ಕಾಗದ. ಮೇಜು ಒರೆಸುವಾಗ ಆರ್ಡರ್ ಎಂದುಕೊಂಡು ಅದನ್ನು ಎತ್ತಿಕೊಂಡು ಹೋಗಿದ್ದನಂತೆ. “ಸಾರ್, ರಾ ಪವರ್, ಪಿಂಕ್ ಫ್ಲ್ಯಾಗ್ ನಮ್ಮಲ್ಲಿ ಇಲ್ಲ. ಫ್ರೆಶ್ ಫ್ರೂಟ್ ಮಾತ್ರ ಇದೆ. ನಾಲ್ಕು ಬರೆದಿದ್ದೀರಿ, ತಂದಿದ್ದೇನೆ” ಎಂದ.

ಮೂರೂ ಆಲ್ಬಮ್ಮುಗಳೇ. ಫ್ರೆಶ್ ಫ್ರೂಟ್ ಎಂಬುದು ಡೆಡ್ ಕೆನಡೀಸ್ ತಂಡದ 1980ರ ಆಲ್ಬಮ್ಮಿನ ಹೆಸರಿನ ಮೊದಲರ್ಧ. ಉಳಿದರ್ಧ ಕೊಳೆಯುತ್ತಿರುವ ತರಕಾರಿಯ ಕುರಿತದ್ದು. ಸದ್ಯ, ಬರೆಯುವವನು ಅಷ್ಟಕ್ಕೇ ನಿಲ್ಲಿಸಿದ್ದ.

ಬಿಲ್ ಬಂದಾಗ ಯಾರು ಕೊಡಬೇಕೆಂಬ ಹೊಸ ಜಗಳ ಶುರುವಾಯಿತು. ಉದಾರವಾದಿ ಪಪ್ಪಾಯಿ ಚೂರನ್ನು ಫೋರ್ಕಿಗೆ ಚುಚ್ಚಿಕೊಂಡು, “ಅದಕ್ಕೆ ಮೊದಲನೆಯ ಸ್ಥಾನ ಕೊಡು ಎಂದು ನಾನು ಬಡಕೊಂಡೆ. ಕೇಳಿದ್ದರೆ ಒಂದೇ ಬಟ್ಟಲು ಬರುತ್ತಿತ್ತು” ಎಂದ.