ಹೆಡ್‌ಲೈಟಿಗೆ ಕಪ್ಪು ಫಿಲ್ಮ್ ಅಂಟಿಸುವವರಿಗೆ

ಇವತ್ತು ಬೆಳಿಗ್ಗೆ ಎದುರುಮನೆಯ ಹುಡುಗ ತನ್ನ ಕಾರಿನ ಹೆಡ್‌ಲೈಟುಗಳಿಗೆ ಕಪ್ಪು ಫಿಲ್ಮ್ ಅಂಟಿಸುತ್ತಿದ್ದುದನ್ನು ನೋಡಿದೆ. ಆಗಿನಿಂದ ತಲೆ ಕಾದಿದೆ. ಅಂಗಡಿಗೆ ಬಂದು ಕುಳಿತರೂ ಕೆಲಸಕ್ಕೆ ಮನಸ್ಸಿಲ್ಲ, ಆದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಕೆಲಸವನ್ನು ಅವನು ಬಹಳ ಅಚ್ಚುಕಟ್ಟಾಗಿ ಮಾಡುತ್ತಿದ್ದ. ಡೂಮನ್ನು, ಅಂದರೆ ಹೆಡ್‌ಲೈಟಿನ ಮುಂದಿನ ಪಾರದರ್ಶಕ ಮುಚ್ಚಳವನ್ನು, ಸೋಪು ನೀರಿನಲ್ಲಿ ತೊಳೆದು, ಸ್ಪಿರಿಟ್ ಹಾಕಿ ಜಿಡ್ಡು ಒರೆಸಿ, ಶಾಂಪೂ ಬೆರೆಸಿದ ನೀರು ಸಿಂಪಡಿಸಿ ಫಿಲ್ಮನ್ನು ಜಾರಿಸಿ ಕೂರಿಸಿದ. ಪಕ್ಕದಲ್ಲಿ ಅವನ ಅಕ್ಕ ಹೇರ್ ಡ್ರೈಯರ್ ಹಿಡಿದು ನಿಂತಿದ್ದಳು. ಬಿಸಿ ತಾಗಿದ ಹಾಗೆಲ್ಲ ಫಿಲ್ಮ್ ಮೆತ್ತಗಾಗಿ ಡೂಮಿನ ಉಬ್ಬಿಗೆ ಒಗ್ಗಿಕೊಳ್ಳುತ್ತಿತ್ತು. ಇವನು ರಬ್ಬರ್ ಪಟ್ಟಿಯಿಂದ ನಡುವಿನಿಂದ ಅಂಚಿನ ಕಡೆಗೆ ಒತ್ತುತ್ತಾ ಗುಳ್ಳೆಗಳನ್ನು ಹೊರಗೆ ತಳ್ಳುತ್ತಿದ್ದ. ಕೊನೆಗೆ ಸಂದಿಯಲ್ಲಿ ಕಟ್ಟರ್ ಬ್ಲೇಡ್ ಓಡಿಸಿ ಮಿಕ್ಕದ್ದನ್ನು ಕತ್ತರಿಸಿದ. ಒಂದು ಸುಕ್ಕಿಲ್ಲ. ಇಷ್ಟು ಒಳ್ಳೆಯ ಕೈ ಇಂಥ ಕೆಲಸಕ್ಕೆ ಬಿತ್ತಲ್ಲ ಎಂದು ಹೊಟ್ಟೆ ಉರಿಯಿತು.

"ರಾತ್ರಿ ರಸ್ತೆ ಹೇಗೆ ಕಾಣುತ್ತದಪ್ಪಾ?" ಎಂದು ಕೇಳಿದೆ. "ಲೈಟ್ ಸ್ಮೋಕ್ ಅಂಕಲ್, ಅಷ್ಟೇನೂ ಕಪ್ಪಿಲ್ಲ. ನೋಡಿ" ಎಂದು ಸ್ವಿಚ್ ಹಾಕಿ ತೋರಿಸಿದ. ಎರಡು ಅಡಿ ದೂರದಲ್ಲಿ ನಿಂತು ಉರಿಯುವ ಬಲ್ಬನ್ನೇ ದಿಟ್ಟಿಸಿದರೆ ಯಾವ ದೀಪ ತಾನೇ ಮಂಕಾಗಿ ಕಂಡೀತು? ಹೆಡ್‌ಲೈಟನ್ನು ಪರೀಕ್ಷಿಸಬೇಕಾದದ್ದು ಐವತ್ತು ಮೀಟರ್ ಆಚೆ, ಕತ್ತಲಲ್ಲಿ ಕಂದು ಬಣ್ಣದ ಶಾಲು ಹೊದ್ದು ನಡೆಯುವವನ ಮೈಮೇಲೆ.

ಲೆಕ್ಕ ಹಾಕಿ ನೋಡಿ. ಡಿಮ್, ಹೈ ಬೀಮ್ ಎರಡೂ ಒಂದರಲ್ಲೇ ಇರುವ ಮಾಮೂಲಿ ಎಚ್4 ಹ್ಯಾಲೊಜೆನ್ ಬಲ್ಬ್ ಡಿಮ್‌ನಲ್ಲಿ ಕೊಡುವ ಬೆಳಕು ಸುಮಾರು 1000 ಲ್ಯೂಮೆನ್. ಅರ್ಧ ಬೆಳಕನ್ನು ತಡೆಯುವ ಫಿಲ್ಮ್ ಅಂಟಿಸಿದರೆ ಉಳಿಯುವುದು 500. ಬೆಳಕು ದೂರದ ವರ್ಗಕ್ಕೆ ತಕ್ಕಂತೆ ಕುಗ್ಗುತ್ತದೆ ಎಂಬುದನ್ನು ಶಾಲೆಯಲ್ಲಿ ಎಲ್ಲರೂ ಓದಿದ್ದೇವೆ. ಹಾಗಾಗಿ ಮೊದಲು 50 ಮೀಟರ್ ದೂರದಲ್ಲಿದ್ದ ಮನುಷ್ಯನ ಮೇಲೆ ಬೀಳುತ್ತಿದ್ದಷ್ಟು ಬೆಳಕು ಈಗ ಬೀಳಬೇಕಾದರೆ ಅವನು 35 ಮೀಟರ್ ದೂರದಲ್ಲಿರಬೇಕು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಕಾರು ಸೆಕೆಂಡಿಗೆ ಹದಿನಾರೂವರೆ ಮೀಟರ್‌ಗಿಂತ ಹೆಚ್ಚು ಓಡುತ್ತದೆ. ಕಂಡು, ಮನಸ್ಸಿಗೆ ಹೊಳೆದು, ಕಾಲು ಬ್ರೇಕಿನ ಮೇಲೆ ಬೀಳಲು ಒಂದೂವರೆ ಸೆಕೆಂಡ್ ಹಿಡಿಯಿರಿ: ಅಲ್ಲಿಗೆ 25 ಮೀಟರ್ ಹೋಯಿತು. ಒಣಗಿದ ಡಾಂಬರಿನ ಮೇಲೆ, ಟೈರು ಚೆನ್ನಾಗಿದ್ದರೆ, ನಿಲ್ಲಲು ಇನ್ನೂ 20 ಮೀಟರ್ ಬೇಕು. ಒಟ್ಟು 45. ಐವತ್ತಕ್ಕೆ ಕಂಡಿದ್ದರೆ ಆ ಮನುಷ್ಯ ಬೈದುಕೊಂಡು ಮನೆಗೆ ಹೋಗುತ್ತಿದ್ದ. ಮೂವತ್ತೈದಕ್ಕೆ ಕಂಡರೆ ನಿಮ್ಮ ಕಾರು ಅವನನ್ನು ಮುಟ್ಟುವಾಗ ಇನ್ನೂ 40 ಕಿಲೋಮೀಟರ್ ವೇಗದಲ್ಲಿರುತ್ತದೆ. ಮಳೆ ಬಿದ್ದ ರಸ್ತೆಯ ಮಾತನ್ನು ನಾನು ಇನ್ನೂ ಎತ್ತಿಲ್ಲ.

ನನಗೆ ಇಷ್ಟೊಂದು ಸಿಟ್ಟು ಏಕೆಂದು ಕೇಳುವವರಿಗೆ ಹೇಳಿಬಿಡುತ್ತೇನೆ. ಊರಿನಲ್ಲಿ ನನ್ನ ಅಪ್ಪ ಈಗಲೂ ನಸುಕಿನಲ್ಲಿ ಹಾಲಿನ ಕ್ಯಾನ್ ಹಿಡಿದು ಡೇರಿಗೆ ನಡೆದು ಹೋಗುತ್ತಾರೆ. ಹೆದ್ದಾರಿಯ ಎಡ ಅಂಚಿನಲ್ಲೇ ಅರ್ಧ ದಾರಿ. ಟಾರ್ಚ್ ಕೊಡಿಸಿದರೆ ಜೇಬಿನಲ್ಲೇ ಇಟ್ಟುಕೊಳ್ಳುತ್ತಾರೆ, ಬೆಳ್ಳಗಿನ ಅಂಗಿ ಹಾಕಿಕೊಳ್ಳಿ ಎಂದರೆ ಹಸುವಿನ ಕೆಲಸಕ್ಕೆ ಬಿಳಿ ಬಟ್ಟೆಯೇ ಎನ್ನುತ್ತಾರೆ. ಅವರು ಕ್ಯಾನ್ ಇಳಿಸಿ ಮನೆಗೆ ಮರಳಿದರೆಂದು ಅಮ್ಮ ಫೋನ್ ಮಾಡುವವರೆಗೂ ನನಗೆ ಸಮಾಧಾನವಿಲ್ಲ. ಈ ವಿಷಯವನ್ನು ಇದುವರೆಗೆ ಯಾರಿಗೂ ಹೇಳಿರಲಿಲ್ಲ. ಒಳ್ಳೆಯ ಹೆಡ್‌ಲೈಟಿನ ಡಿಮ್ ಬೆಳಕನ್ನು ಗೋಡೆಗೆ ಬಿಟ್ಟು ನೋಡಿದ್ದೀರಾ? ಮೇಲಂಚು ಬಲಗಡೆ ನೇರವಾಗಿ, ಕತ್ತರಿಸಿದ ಹಾಗೆ ನಿಲ್ಲುತ್ತದೆ. ಎಡಗಡೆ ಮಾತ್ರ ಓರೆಯಾಗಿ ಮೇಲಕ್ಕೇರುತ್ತದೆ. ಎದುರು ಬರುವವನ ಕಣ್ಣಿಗೆ ಹೊಡೆಯದೆ, ಎಡ ಅಂಚಿನಲ್ಲಿ ನಡೆಯುವವನನ್ನು ದೂರದಿಂದಲೇ ತೋರಿಸಲೆಂದು ಹಾಗೆ ಮಾಡಿರುತ್ತಾರೆ. ಆ ಓರೆ ಬೆಳಕು ನನ್ನ ಅಪ್ಪನಿಗಾಗಿ ಇರುವುದು. ಕಬ್ಬು ಅರೆಯುವ ಕಾಲದಲ್ಲಿ ಹಿಂಬದಿ ದೀಪವಿಲ್ಲದೆ ಮಂಡ್ಯದ ರಸ್ತೆಗಳಲ್ಲಿ ಸಾಗುವ ಗಾಡಿಗಳಿಗಾಗಿ, ಸೈಕಲ್ ತುಳಿಯುವವರಿಗಾಗಿ ಇರುವುದು. ಕಾರು ನಿಮ್ಮದೇ, ಒಪ್ಪಿದೆ. ಆ ಬೆಳಕು ನಿಮ್ಮೊಬ್ಬರದಲ್ಲ.

"ಈಗ ಎಲ್ಲರೂ ಕಣ್ಣು ಕುಕ್ಕುವ ಎಲ್‌ಇಡಿ ಹಾಕಿಸಿಕೊಂಡಿದ್ದಾರೆ, ಫಿಲ್ಮ್ ಹಾಕಿದರೆ ಎದುರಿನವರಿಗೆ ಉಪಕಾರವಲ್ಲವೇ" ಎಂಬ ವಾದವನ್ನು ಕೌಂಟರಿನಲ್ಲಿ ನಿಂತವರಿಂದ ಎಷ್ಟೋ ಸಲ ಕೇಳಿದ್ದೇನೆ. ಕುಕ್ಕುವ ದೀಪಗಳ ಕಾಟ ನಿಜ. 2024ರ ಜುಲೈನಲ್ಲಿ ರಾಜ್ಯದ ಪೊಲೀಸರು ಅವುಗಳ ವಿರುದ್ಧ ಕಾರ್ಯಾಚರಣೆಯನ್ನೇ ನಡೆಸಿದರು. ಆದರೆ ಕುಕ್ಕುವುದು ಫೋಕಸ್ ತಪ್ಪಿರುವುದರಿಂದ, ಹ್ಯಾಲೊಜೆನ್‌ಗೆಂದು ಮಾಡಿದ ರಿಫ್ಲೆಕ್ಟರಿಗೆ ಸಿಕ್ಕ ಎಲ್‌ಇಡಿ ಬಲ್ಬ್ ತುರುಕಿರುವುದರಿಂದ. ಸರಿಯಾದ ಬಲ್ಬ್ ಹಾಕಿ, ಸ್ಕ್ರೂ ತಿರುಗಿಸಿ ಫೋಕಸ್ ಇಳಿಸಿದರೆ ಮುಗಿಯಿತು. ಫಿಲ್ಮ್‌ಗೆ ಎದುರಿನವನ ಕಣ್ಣು ಯಾವುದು, ಎಡಗಡೆಯ ಪಾದಚಾರಿ ಯಾರು ಎಂದು ತಿಳಿಯುವುದಿಲ್ಲ. ಎರಡೂ ಕಡೆಯ ಬೆಳಕನ್ನು ಅದು ಒಂದೇ ಸಮನೆ ನುಂಗುತ್ತದೆ.

ಹಿರಿಯರು ಇನ್ನೊಂದು ನೆನಪು ತೆಗೆಯುತ್ತಾರೆ: ಹಿಂದೆ ಪೊಲೀಸರೇ ಹೆಡ್‌ಲೈಟಿನ ಮೇಲ್ಭಾಗಕ್ಕೆ ಕಪ್ಪು ಬಣ್ಣ ಬಳಿಯುತ್ತಿದ್ದರಲ್ಲ ಎಂದು. ಬಳಿಯುತ್ತಿದ್ದರು, ನಾನೂ ನೋಡಿದ್ದೇನೆ. ಎಚ್4 ಬಲ್ಬನ್ನು ಬಿಚ್ಚಿ ನೋಡಿದವರಿಗೆ ಅದರ ಫಲ ಗೊತ್ತು. ಡಿಮ್ ತಂತಿಯ ಕೆಳಗೆ ಸಣ್ಣದೊಂದು ಲೋಹದ ಬಟ್ಟಲಿರುತ್ತದೆ. ಕೆಳಕ್ಕೆ ಹೋಗುವ ಬೆಳಕನ್ನು ಅದು ತಡೆಯುವುದರಿಂದ ಡಿಮ್ ಬೆಳಕೆಲ್ಲ ರಿಫ್ಲೆಕ್ಟರಿನ ಮೇಲರ್ಧದಿಂದಲೇ ಬರುತ್ತದೆ. ಅಂಥ ದೀಪದ ಮೇಲರ್ಧಕ್ಕೆ ಕಪ್ಪು ಬಳಿದರೆ ಸಾಯುವುದು ಡಿಮ್; ಹೈ ಬೀಮ್ ಕೆಳಗಿನ ಅರ್ಧದಿಂದ ಹಾಗೆಯೇ ಹೊಡೆಯುತ್ತಿರುತ್ತದೆ. ರಸ್ತೆ ಕಾಣದ ಚಾಲಕ ಹೈ ಬೀಮ್ ಹಾಕುತ್ತಾನೆ. ಇವತ್ತು ಸ್ಮೋಕ್ ಫಿಲ್ಮ್ ಹಾಕಿಸಿಕೊಂಡವರೂ ಅದನ್ನೇ ಮಾಡುತ್ತಾರೆ: ಡಿಮ್‌ನಲ್ಲಿ ಏನೂ ಕಾಣುವುದಿಲ್ಲ ಎಂದು ಊರೊಳಗೂ ಹೈ ಬೀಮ್ ಬಿಟ್ಟುಕೊಂಡು ಓಡಿಸುತ್ತಾರೆ. ಎದುರಿನವರಿಗೆ ಉಪಕಾರದ ಮಾತು ಅಲ್ಲಿಗೆ ಮುಗಿಯಿತು.

ಹಳದಿ ಫಿಲ್ಮಿನ ಬಗ್ಗೆಯೂ ಇದೇ ಮಾತು. ಫ್ರಾನ್ಸಿನಲ್ಲಿ 1993ರವರೆಗೆ ಕಾರುಗಳಿಗೆ ಹಳದಿ ದೀಪವೇ ಕಡ್ಡಾಯವಾಗಿತ್ತು, ಶಿರಾಡಿಯ ಮಂಜಿಗೆ ಅದೇ ಸರಿ ಎನ್ನುತ್ತಾರೆ. ಫಿಲ್ಮ್ ಹೊಸ ಹಳದಿ ಬೆಳಕನ್ನು ತಂದು ಸೇರಿಸುವುದಿಲ್ಲ, ಇದ್ದ ಬಿಳಿ ಬೆಳಕಿನಲ್ಲಿ ನೀಲಿಯನ್ನು ಕಳೆಯುತ್ತದೆ. ಮಂಜಿನಲ್ಲಿ ಬೇಕಾದದ್ದು ಬಂಪರಿನ ಕೆಳಗೆ ಕೂತು ನೆಲ ತೋರಿಸುವ ಫಾಗ್ ಲ್ಯಾಂಪ್.

ಕಿಟಕಿ ಗಾಜಿನ ಕಪ್ಪು ಫಿಲ್ಮ್ ಬಗ್ಗೆ 2012ರಲ್ಲಿ ಸುಪ್ರೀಂ ಕೋರ್ಟ್ ಆದೇಶ ಬಂದಾಗ ನಮ್ಮ ಬೀದಿಗಳಲ್ಲೆಲ್ಲ ಪೊಲೀಸರು ನಿಂತು ಸುಲಿಸಿದರು. ಹೆಡ್‌ಲೈಟಿನ ಫಿಲ್ಮನ್ನು ಮಾತ್ರ ಯಾರೂ ತಡೆದು ಕೇಳಿದ್ದನ್ನು ನಾನು ಕಂಡಿಲ್ಲ. 155 ಮೀಟರ್ ಮುಂದಿನ ಜನ, ವಾಹನ ಸ್ಪಷ್ಟವಾಗಿ ಕಾಣುವಷ್ಟು ಬೆಳಕಿಲ್ಲದಾಗ ದೀಪ ಉರಿಸಲೇಬೇಕು ಎಂದು ಮೋಟಾರು ವಾಹನ ನಿಯಮಗಳಲ್ಲೇ ಇದೆ. ಅಂಗಡಿಗಳಲ್ಲಿ, ಆನ್‌ಲೈನಿನಲ್ಲಿ ಸುರುಳಿಗಟ್ಟಲೆ ಮಾರುತ್ತಾರೆ. ನನ್ನ ಕೌಂಟರಿನಲ್ಲಿ ಅದು ಇಲ್ಲ, ಇರುವುದೂ ಇಲ್ಲ. ಗಿರಾಕಿ ಪಕ್ಕದ ಅಂಗಡಿಗೆ ಹೋದರೆ ಹೋಗಲಿ.

ಹುಡುಗನ ಕಾರಿನ ಡೂಮ್ ಬಿಸಿಲಿಗೆ ಹಳದಿಯಾಗಿ ಮಬ್ಬಾಗಿತ್ತಂತೆ, ಅದನ್ನು ಮುಚ್ಚಲೆಂದೇ ಕಪ್ಪು ತಂದನಂತೆ. ಇದು ಕೇಳಿ ನನ್ನ ಸಿಟ್ಟು ಸ್ವಲ್ಪ ಇಳಿಯಿತು, ಸಂಕಟ ಹೆಚ್ಚಾಯಿತು. ಮೊದಲೇ ಮಬ್ಬಾದ ದೀಪಕ್ಕೆ ಮೇಲೊಂದು ಕಪ್ಪು! ಡೂಮ್ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ಕಿನದು. 800 ನಂಬರಿನ ವಾಟರ್ ಪೇಪರಿನಿಂದ (ಉಜ್ಜುಕಾಗದ) ಶುರುಮಾಡಿ 2000ದವರೆಗೆ ನೀರು ಹಾಕಿ ಉಜ್ಜಿ, ಪಾಲಿಶ್ ಹಿಡಿದರೆ ಗಾಜಿನಂತಾಗುತ್ತದೆ. ಉಜ್ಜಿದಾಗ ಮೇಲಿನ ರಕ್ಷಣೆಯ ಪದರ ಹೋಗಿರುತ್ತದೆ, ಆದ್ದರಿಂದ ಬಿಸಿಲು ತಡೆಯುವ ಪಾರದರ್ಶಕ ಫಿಲ್ಮನ್ನು ಅದರ ಮೇಲೆ ಹಾಕಬೇಕು. ಅದಕ್ಕೆ ಬೇಕಾದದ್ದು ಈ ಹುಡುಗನದೇ ಕೈಚಳಕ: ಅದೇ ಶಾಂಪೂ ನೀರು, ಅದೇ ರಬ್ಬರ್ ಪಟ್ಟಿ, ಅದೇ ಹೇರ್ ಡ್ರೈಯರ್.

ಫಿಲ್ಮ್ ತೆಗೆಯುವವರು ಹದವಾಗಿ ಬಿಸಿ ಮಾಡಿ ಮೂಲೆಯಿಂದ ನಿಧಾನವಾಗಿ ಸುಲಿಯಿರಿ. ಅಂಟು ಉಳಿದರೆ ಥಿನ್ನರ್ ಮುಟ್ಟಿಸಬೇಡಿ, ಪ್ಲಾಸ್ಟಿಕ್ ಬಿರುಕು ಬಿಡುತ್ತದೆ. ಹಾಸನದಲ್ಲಿರುವವರು ನೇರವಾಗಿ ಅಂಗಡಿಗೆ ಬನ್ನಿ, ತೆಗೆದು ಕೊಡುತ್ತೇನೆ, ದುಡ್ಡು ಬೇಡ. ಕತ್ತಲಾದ ಮೇಲೆ ಬಂದರೆ ಹಿಂದಿನ ಗೋಡೆಗೆ ಬೆಳಕು ಬಿಟ್ಟು ಫೋಕಸ್ ಕೂಡ ಸರಿಮಾಡಬಹುದು. ಎದುರುಮನೆಯ ಹುಡುಗ ನಾಳೆ ಸಂಜೆ ಬರುತ್ತೇನೆಂದು ಹೇಳಿದ್ದಾನೆ.