ಎಷ್ಟು ಬಂತು?

ಮಲೆನಾಡಿನಲ್ಲಿ ‘ಎಷ್ಟು ಬಂತು?’ ಎಂದು ಯಾರಾದರೂ ಕೇಳಿದರೆ ತಿಂಗಳು ನೋಡಿಕೊಂಡು ಉತ್ತರ ಹೇಳಬೇಕು. ಮೇ ತಿಂಗಳಾದರೆ ಎಸ್ಸೆಸ್ಸೆಲ್ಸಿ ಮಾರ್ಕ್ಸು. ಆರಿದ್ರಾ ಹಿಡಿದ ಮೇಲಾದರೆ ಮಳೆ. ದೀಪಾವಳಿ ದಾಟಿತೋ, ಅಡಿಕೆ ರೇಟು. ಈಗ ನಾಲ್ಕನೆಯದೊಂದು ಸೇರಿಕೊಂಡಿದೆ, ಅದಕ್ಕೆ ಕಾಲವೂ ಇಲ್ಲ ಮಾಸವೂ ಇಲ್ಲ. ಶಿವಮೊಗ್ಗದ ಗೋಪಿ ಸರ್ಕಲ್ಲಿನ ಹತ್ತಿರ ಚಾ ಲೋಟ ಹಿಡಿದು ನಿಂತ ಇಬ್ಬರಲ್ಲಿ ಒಬ್ಬ ‘ಎಷ್ಟು ಬಂತು ಮಾರಾಯ?’ ಅನ್ನುತ್ತಾನೆ. ಇನ್ನೊಬ್ಬ ಮೊಬೈಲಿನಿಂದ ತಲೆಯೆತ್ತದೆ ‘ಎಪ್ಪತ್ತೊಂಬತ್ತು’ ಅನ್ನುತ್ತಾನೆ. ಮೊದಲನೆಯವನು ‘ಹಂಗಾರೆ ಬ್ಯಾಡ ಬಿಡು’ ಎಂದು ಲೋಟ ಕೆಳಗಿಡುತ್ತಾನೆ. ನೂರಾರು ಜನ ನಾಲ್ಕೈದು ವರ್ಷ ಕೂತು ಮಾಡಿದ ವಿಡಿಯೊ ಗೇಮೊಂದರ ಹಣೆಬರಹ ಅರ್ಧ ಲೋಟ ಚಾದೊಳಗೆ ಮುಗಿಯಿತು. ಅದೇ ಎಪ್ಪತ್ತೊಂಬತ್ತು ಎಸ್ಸೆಸ್ಸೆಲ್ಸಿಯಲ್ಲಿ ಬಂದಿದ್ದರೆ ಮನೆಯಲ್ಲಿ ಕೇಸರಿಬಾತು ಆಗುತ್ತಿತ್ತು.

ಈ ಅಂಕಗಳಲ್ಲಿ ಯಾವುದನ್ನು ನಂಬಬೇಕು, ಯಾವುದನ್ನು ಹಿತ್ತಲಿಗೆ ಎಸೆಯಬೇಕು ಎಂದು ಒಮ್ಮೆ ಇತ್ಯರ್ಥ ಮಾಡಿಬಿಡುವುದೇ ಈ ಬರಹದ ಉದ್ದೇಶ. ಅದಕ್ಕೆ ಮೊದಲು ನೀರಿನ ವಿಷಯ.

2014ರಲ್ಲಿ ಪೋಕೆಮಾನ್ ಒಮೆಗಾ ರೂಬಿ, ಆಲ್ಫಾ ಸಫೈರ್ ಎಂಬ ಜೋಡಿ ಗೇಮುಗಳಿಗೆ ಐಜಿಎನ್ ಎಂಬ ಗೇಮು ವಿಮರ್ಶೆಯ ಜಾಲತಾಣ ಹತ್ತಕ್ಕೆ 7.8 ಅಂಕ ಕೊಟ್ಟಿತು. ಕೊರತೆಗಳ ಪಟ್ಟಿಯಲ್ಲಿ ಒಂದು ಸಾಲು: ‘ನೀರು ತುಂಬಾ ಜಾಸ್ತಿ’. ಜಗತ್ತು ಬಿದ್ದು ಬಿದ್ದು ನಕ್ಕಿತು. ಹತ್ತು ವರ್ಷ ಕಳೆದರೂ ನಗು ನಿಂತಿಲ್ಲ. ಮಲೆನಾಡಿನವರಿಗೆ ಮಾತ್ರ ಇದರಲ್ಲಿ ನಗುವಂಥದ್ದೇನೂ ಕಾಣುವುದಿಲ್ಲ. ಆ ಗೇಮಿನ ಹೋಎನ್ ಸೀಮೆಯ ನಕ್ಷೆ ತೆಗೆದು ನೋಡಿ, ಪೂರ್ವದ ಕಡೆ ಬಹುಪಾಲು ಸಮುದ್ರ. ದಾಟಬೇಕಾದರೆ ‘ಸರ್ಫ್’ ಎಂಬ ವರಸೆ ಕಲಿತ ಪೋಕೆಮಾನ್ ಪ್ರಾಣಿ ಜೊತೆಗಿರಬೇಕು, ಮುಳುಗಬೇಕಾದರೆ ‘ಡೈವ್’ ಕಲಿತದ್ದು. ಒಂದು ಪ್ರಾಣಿಗೆ ಇರುವುದೇ ನಾಲ್ಕು ವರಸೆ, ಅದರಲ್ಲಿ ಎರಡು ಹೀಗೆ ನೀರುಪಾಲು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಟೆಂಟಕೂಲ್ ಎಂಬ ಕಡಲ ಪ್ರಾಣಿಯೊಂದು ಅಡ್ಡ ಬರುತ್ತದೆ. ಅದನ್ನು ಅಟ್ಟಿ ಇನ್ನೊಂದಿಷ್ಟು ದೂರ ಹೋದರೆ ಅದರ ತಮ್ಮ. ಸಿಗಂದೂರು ಸೇತುವೆ 2025ರ ಜುಲೈಯಲ್ಲಿ ತೆರೆಯುವ ತನಕ ಶರಾವತಿ ಹಿನ್ನೀರಿನ ದಡದಲ್ಲಿ ಲಾಂಚಿಗೆ ಕಾದ ತುಮರಿಯವರನ್ನು ಕೇಳಿದ್ದರೆ 7.8 ಕೂಡ ಕೊಡುತ್ತಿರಲಿಲ್ಲ. ‘ನೀರು ಜಾಸ್ತಿ’ ಎಂಬುದು ನಿಜವಾದ ವಿಮರ್ಶೆ: ಏನು ಕಷ್ಟ, ಎಲ್ಲಿ ಕಷ್ಟ ಎಂದು ಎರಡೇ ಪದಗಳಲ್ಲಿ ಹೇಳುತ್ತದೆ. ಏನನ್ನೂ ಹೇಳದೆ ಕೂತಿರುವುದು 7.8. ಅದು 7.7 ಯಾಕಾಗಲಿಲ್ಲ ಎಂದು ಕೇಳಿದರೆ ಕೊಟ್ಟವರೂ ಉತ್ತರ ಹೇಳಲಾರರು. 2020ರಲ್ಲಿ ಐಜಿಎನ್ ಆ ದಶಾಂಶದ ಬಾಲವನ್ನು ತಾನಾಗಿಯೇ ಕತ್ತರಿಸಿ ಹಾಕಿತು.

ನೀರು ಅಳೆಯುವುದೂ ಒಂದು ವಿದ್ಯೆ. ತೀರ್ಥಹಳ್ಳಿ, ಹೊಸನಗರದ ಕಡೆ ಎಷ್ಟೋ ತೋಟದ ಮನೆಗಳ ಅಂಗಳದಲ್ಲಿ ಮಳೆಮಾಪಕ ಇದೆ, ಜಗಲಿಯಲ್ಲಿ ಅದರ ಲೆಕ್ಕದ ಪುಸ್ತಕ ಇದೆ. ನೋಡಲು ಅದೊಂದು ಆಲಿಕೆ ಮತ್ತು ಬಾಟಲಿ, ಅಷ್ಟೆ. ಆದರೆ ಅದರ ಮಡಿ-ಮೈಲಿಗೆ ದೊಡ್ಡದು. ಆಲಿಕೆಯ ಬಾಯಿ 200 ಚದರ ಸೆಂಟಿಮೀಟರ್ ಇದ್ದರೆ ಬಾಟಲಿಗೆ ಬಿದ್ದ ಪ್ರತಿ 20 ಮಿಲಿಲೀಟರ್ ನೀರಿಗೆ ಒಂದು ಮಿಲಿಮೀಟರ್ ಮಳೆ. ಹಳೆಯ ಐದಿಂಚು ಬಾಯಿಯದಾದರೆ 12.7 ಮಿಲಿಲೀಟರಿಗೆ ಒಂದು. ಒಂದರ ಅಳತೆ ಲೋಟವನ್ನು ಇನ್ನೊಂದಕ್ಕೆ ಹಿಡಿದರೆ ಊರಿಗೇ ಪ್ರವಾಹ. ಬಾಯಿಯ ಅಂಚು ನೆಲದಿಂದ 30 ಸೆಂಟಿಮೀಟರ್ ಮೇಲಿರಬೇಕು. ಅದಕ್ಕಿಂತ ತಗ್ಗಿದರೆ ನೆಲದ ಹನಿ ಸಿಡಿದು ಒಳಗೆ ಬೀಳುತ್ತದೆ, ತೀರಾ ಎತ್ತರಿಸಿದರೆ ಗಾಳಿ ಹನಿಯನ್ನು ಹಾರಿಸಿಕೊಂಡು ಹೋಗುತ್ತದೆ. ಸುತ್ತಲಿನ ಮರ, ಗೋಡೆ ಎಷ್ಟು ಎತ್ತರವೋ ಕನಿಷ್ಠ ಅದರ ಎರಡು ಪಟ್ಟು ದೂರದಲ್ಲಿ ಇಡಬೇಕು. ಐವತ್ತಡಿ ಅಡಿಕೆ ಮರಕ್ಕೆ ನೂರಡಿ. ಅಷ್ಟು ಬಯಲು ಇದ್ದಿದ್ದರೆ ಅಲ್ಲಿ ಇನ್ನೂ ನಾಲ್ಕು ಸಾಲು ಸಸಿ ಇಡುತ್ತಿದ್ದರು, ಅದು ಬೇರೆ ಮಾತು.

ಬೆಳಿಗ್ಗೆ ಎಂಟೂವರೆಗೆ ಅಳೆಯಬೇಕು, ಬರೆಯಬೇಕು, ಚೆಲ್ಲಬೇಕು. ಹಿಂದಿನ ಇಪ್ಪತ್ತನಾಲ್ಕು ತಾಸಿನದು ಅಂದಿನ ತಾರೀಕಿಗೆ. ಸೊಸೆ ಎಂಟಕ್ಕೆ ಅಳೆದು, ಮಾವ ಒಂಬತ್ತಕ್ಕೆ ಮತ್ತೆ ಅಳೆದರೆ ಎರಡೂ ಲೆಕ್ಕ ಕೆಟ್ಟವು. ಇಂಚಿನಲ್ಲಿ ಬರೆಯುವ ಹಳಬರು ‘ಎರಡು ಇಂಚು ನಲವತ್ತು ಸೆಂಟು’ ಅನ್ನುತ್ತಾರೆ. ಸೆಂಟು ಎಂದರೆ ಇಂಚಿನ ನೂರರಲ್ಲಿ ಒಂದು. ಹೊಸಬರ ಲೆಕ್ಕದಲ್ಲಿ ಅದು 61 ಮಿಲಿಮೀಟರ್. ಅಪ್ಪ ಮಗ ಒಂದೇ ಮಳೆಯಲ್ಲಿ ನೆಂದು ಬೇರೆ ಬೇರೆ ಸಂಖ್ಯೆ ಹಿಡಿದು ಜಗಳವಾಡುವುದು ಹೀಗೆ.

ಮಾಪಕ ಇಲ್ಲದವರು ಬಕೆಟ್ ಇಡುತ್ತಾರೆ. ಬಕೆಟ್ಟಿನ ಬಾಯಿ ಅಗಲ, ಬುಡ ಸಣ್ಣ. ಅಗಲ ಬಾಯಿಗೆ ಬಿದ್ದ ನೀರು ಸಣ್ಣ ಬುಡದಲ್ಲಿ ಮೇಲೇರಿ ನಿಂತು ಇದ್ದದ್ದಕ್ಕಿಂತ ಹೆಚ್ಚು ಮಳೆ ತೋರಿಸುತ್ತದೆ. ಅದಕ್ಕಿಂತ ಪ್ಲಾಸ್ಟಿಕ್ ಬಾಟಲಿ ವಾಸಿ: ಕತ್ತಿನ ಭಾಗ ಕತ್ತರಿಸಿ, ತಲೆಕೆಳಗು ಮಾಡಿ, ಆಲಿಕೆಯಂತೆ ಕೂರಿಸುವುದು. ಒಡಲು ಮೇಲಿಂದ ಕೆಳಗೆ ಒಂದೇ ಅಗಲ ಇರುವ ಬಾಟಲಿ ಆರಿಸಿಕೊಳ್ಳಬೇಕು. ತಳದಲ್ಲಿ ಉಬ್ಬುತಗ್ಗು ಇರುವುದರಿಂದ ನಾಲ್ಕು ಕಲ್ಲು ಹಾಕಿ, ಅವು ಮುಳುಗಿ ನೇರ ಭಾಗ ಶುರುವಾಗುವ ತನಕ ನೀರು ಹೊಯ್ದು, ಅಲ್ಲಿ ಒಂದು ಗೆರೆ ಎಳೆಯಬೇಕು. ಅದು ಸೊನ್ನೆ. ಅಲ್ಲಿಂದ ಮೇಲಕ್ಕೆ ಮಿಲಿಮೀಟರ್. ಕೆಳಗಿರುವ ನೀರು ಮಳೆಯದಲ್ಲ ಎನ್ನುವುದು ಆ ಗೆರೆ ಕಂಡ ಮಕ್ಕಳಿಗೂ ಗೊತ್ತು.

ಜೋರು ಮಳೆಯ ತೊಂದರೆ ಇನ್ನೊಂದು. ಇನ್ನೂರು ಚದರ ಸೆಂಟಿಮೀಟರ್ ಬಾಯಿಗೆ ನಾಲ್ಕು ಲೀಟರ್ ಬಾಟಲಿ ಇಟ್ಟರೆ 200 ಮಿಲಿಮೀಟರಿಗೆ ತುಂಬಿತು. ವರ್ಷಕ್ಕೆ ಏಳು ಸಾವಿರ ದಾಟುವ ಆಗುಂಬೆಯಲ್ಲಿ ಪುನರ್ವಸು ಮಳೆಯ ಒಂದು ದಿನಕ್ಕೆ ಇದು ಸಾಲದೆ ಬರಬಹುದು. ರಾತ್ರಿ ಕಂಬಳಿ ಹೊದ್ದು ಎದ್ದುಹೋಗಿ, ಅಳೆದು, ಚೆಲ್ಲಿ, ಮತ್ತೆ ಇಟ್ಟು ಬೆಳಿಗ್ಗೆ ಕೂಡಿಸಬೇಕು. ಸೋಮಾರಿತನ ಮಾಡಿದರೆ 210 ಬಂದರೂ 200, 320 ಬಂದರೂ 200.

ಈಗ ಗೇಮಿನ ಅಂಕ ನೋಡಿ. ಬಾಟಲಿ ತುಂಬಿಯೇ ಇದೆ, ನಿನ್ನೆಯ ನೀರು ಚೆಲ್ಲಿಲ್ಲ, ಸೊನ್ನೆಯ ಗೆರೆ ಎಲ್ಲಿದೆ ಎಂದು ಯಾರೂ ಹೇಳುವುದಿಲ್ಲ. ವಿಮರ್ಶೆಗಳ ಸರಾಸರಿ ತೆಗೆಯುವ ಮೆಟಾಕ್ರಿಟಿಕ್ ಶುರುವಾದದ್ದು 2001ರಲ್ಲಿ. ಅಲ್ಲಿ ಸಿನಿಮಾಕ್ಕೆ 61 ಬಂದರೆ ಹಸಿರು ಬಣ್ಣ, ಗೇಮಿಗೆ ಹಸಿರು ಸಿಗಬೇಕಾದರೆ 75. ನೂರರ ಮಾಪು ಒಂದೇ, ಬಣ್ಣದ ಗೆರೆ ಮಾತ್ರ ಹದಿನಾಲ್ಕು ಮೆಟ್ಟಿಲು ಮೇಲೆ. ಯಾಕೆಂದರೆ ಗೇಮಿನ ವಿಮರ್ಶಕರ ಕೈ ಏಳರಿಂದ ಕೆಳಗೆ ಇಳಿಯುವುದೇ ಅಪರೂಪ. ನಿಜಕ್ಕೂ ಹಾಳಾದವನ್ನು ಯಾರೂ ವಿಮರ್ಶೆಗೆ ಎತ್ತಿಕೊಳ್ಳುವುದಿಲ್ಲ. ಎತ್ತಿಕೊಂಡದ್ದನ್ನು ಸಾಮಾನ್ಯವಾಗಿ ಆ ಬಗೆಯ ಆಟದ ಹುಚ್ಚು ಇರುವವರಿಗೇ ವಹಿಸುತ್ತಾರೆ, ರೇಸಿಂಗ್ ಗೇಮಿಗೆ ರೇಸಿಂಗಿನವ, ಮೀನು ಹಿಡಿಯುವ ಗೇಮಿಗೆ ಗಾಳ ಹಾಕುವವ. ಹೀಗಾಗಿ ಹತ್ತರ ಮಾಪಕದಲ್ಲಿ ಬಳಕೆಗೆ ಉಳಿದದ್ದು ಏಳು, ಎಂಟು, ಒಂಬತ್ತು. ಹತ್ತು ತುಂಬಿ ಹರಿಯುವ ಬಾಟಲಿ, 210ಕ್ಕೂ ಅದೇ, 320ಕ್ಕೂ ಅದೇ.

ಮೇಲಿಂದ ಯಾವ ಪತ್ರಿಕೆಯ ಅಂಕಕ್ಕೆ ಎಷ್ಟು ತೂಕ ಎಂಬುದು ಮೆಟಾಕ್ರಿಟಿಕ್‌ನ ಗುಟ್ಟು. ಶಿವಮೊಗ್ಗದ ಅಡಿಕೆ ಮಾರುಕಟ್ಟೆಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ನಾಲ್ಕು ಬೇರೆ ಸಾಲು ಬರೆದು, ಒಂದೊಂದಕ್ಕೂ ಕನಿಷ್ಠ ಇಷ್ಟು, ಗರಿಷ್ಠ ಇಷ್ಟು ಎಂದು ಹಾಕುತ್ತಾರೆ. ನಾಲ್ಕನ್ನೂ ಕೂಡಿಸಿ ‘ಇವತ್ತು ಅಡಿಕೆ 79’ ಎಂದು ಬೋರ್ಡು ಹಾಕಿದರೆ ಬೆಳೆಗಾರರು ಬೋರ್ಡನ್ನೇ ಕಿತ್ತುಕೊಂಡು ಹೋದಾರು. ಜಪಾನಿನ ಫಾಮಿತ್ಸು ಪತ್ರಿಕೆ ಈ ವಿಷಯದಲ್ಲಿ ಮರ್ಯಾದಸ್ಥ. ನಾಲ್ಕು ಜನ ಹತ್ತಕ್ಕೆ ಇಷ್ಟು ಎಂದು ಬೇರೆ ಬೇರೆ ಅಂಕ ಕೊಡುತ್ತಾರೆ, ನಾಲ್ಕೂ ಅಚ್ಚಾಗುತ್ತವೆ. 9, 9, 9, 6 ಎಂದಿದ್ದರೆ ಆ ಆರು ಕೊಟ್ಟವನ ಮಾತನ್ನು ಮೊದಲು ಓದಬೇಕು.

ಸರಾಸರಿಯನ್ನು ನೆಚ್ಚಿ ಸಂಬಳ ಕೊಡುವವರೂ ಇದ್ದಾರೆ. 2010ರ ಫಾಲ್‌ಔಟ್: ನ್ಯೂ ವೇಗಸ್ ಗೇಮು ಮಾಡಿದ ಅಬ್ಸಿಡಿಯನ್ ಸಂಸ್ಥೆಗೆ ಮೆಟಾಕ್ರಿಟಿಕ್‌ನಲ್ಲಿ 85 ಬಂದರೆ ಬೋನಸ್ ಎಂಬ ಕರಾರಿತ್ತು. ಬಂದದ್ದು 84. ನಮ್ಮ ಬೋರ್ಡು ಪರೀಕ್ಷೆಯಾಗಿದ್ದರೆ ಮರುಎಣಿಕೆಗೆ ಅರ್ಜಿಯಾದರೂ ಹಾಕಬಹುದಿತ್ತು.

ಮಾಪಕವನ್ನು ಬೇರೆಯವರ ಅಂಗಳದಲ್ಲಿಟ್ಟು ನಮ್ಮ ಮಳೆ ಬರೆದರೆ ಏನಾಗುತ್ತದೆ ಎನ್ನುವುದಕ್ಕೆ ಸೈಬರ್‌ಪಂಕ್ 2077 ಎಂಬ ಗೇಮು ಸಾಕ್ಷಿ. ಅದು ಬಂದದ್ದು 2020ರ ಡಿಸೆಂಬರ್ 10ರಂದು. ಅದಕ್ಕೆ ಮೊದಲು ವಿಮರ್ಶಕರಿಗೆ ಕೊಟ್ಟದ್ದು ಪಿಸಿ ಪ್ರತಿ ಮಾತ್ರ. ಪಿಸಿಗೆ 90ರ ಆಸುಪಾಸು ಬಂತು. ಆ ಸಂಖ್ಯೆ ನೋಡಿ ಸೋನಿಯ ಹಳೆಯ ಆಟದ ಯಂತ್ರ ಪ್ಲೇಸ್ಟೇಷನ್ 4ಕ್ಕೆ ಕೊಂಡವರ ಮನೆಯಲ್ಲಿ ಕಾರು ರಸ್ತೆಯೊಳಗೆ ಹೂತುಹೋಯಿತು, ಜನರ ಮುಖ ಕರಗಿತು, ಆಟ ನಿಂತೇಹೋಯಿತು. ಪ್ಲೇಸ್ಟೇಷನ್ 4ರ ಅಂಕ ಆಮೇಲೆ 57ಕ್ಕೆ ಬಂದು ನಿಂತಿತು. ಅಷ್ಟರಲ್ಲಿ ಸೋನಿ ತನ್ನ ಅಂಗಡಿಯಿಂದ ಗೇಮನ್ನೇ ತೆಗೆದುಹಾಕಿತ್ತು. ಮತ್ತೆ ಇಟ್ಟದ್ದು 2021ರ ಜೂನಿನಲ್ಲಿ. ಆಗುಂಬೆಯ ಮಳೆ ಓದಿಕೊಂಡು ಶಿವಮೊಗ್ಗ ಪೇಟೆಯಲ್ಲಿ ಗಂಬೂಟು ಹಾಕಿಕೊಂಡಂತೆ. ಗಂಬೂಟಿನವನಿಗೆ ನಗೆಪಾಟಲು ಬಿಟ್ಟರೆ ನಷ್ಟವಿಲ್ಲ, ಇಲ್ಲಿ ಸಾವಿರಾರು ರೂಪಾಯಿ ಹೋಗುತ್ತದೆ. ಆದ್ದರಿಂದ ಅಂಕ ನೋಡುವ ಮೊದಲು ಯಾವ ಯಂತ್ರದಲ್ಲಿ ಆಡಿದ್ದು, ಗೇಮಿನ ಯಾವ ಆವೃತ್ತಿ, ದೋಷ ತಿದ್ದಲು ಕೊಡುವ ಮೊದಲ ದಿನದ ಪ್ಯಾಚ್ ಹಾಕಿತ್ತೋ ಇಲ್ಲವೋ ಎಂಬ ಸಾಲನ್ನು ಹುಡುಕಿ. ಆ ಸಾಲೇ ಇಲ್ಲದಿದ್ದರೆ ಅಂಕವನ್ನೂ ಓದಬೇಡಿ.

ಮೋಡ ಕಂಡ ಕೂಡಲೇ ಮಳೆ ಬರೆಯುವವರೂ ಉಂಟು. 2020ರ ಜೂನಿನಲ್ಲಿ ದಿ ಲಾಸ್ಟ್ ಆಫ್ ಅಸ್ ಎರಡನೇ ಭಾಗ ಬಂದ ಕೆಲವೇ ಗಂಟೆಗಳಲ್ಲಿ ಸಾವಿರಾರು ಜನ ಮೆಟಾಕ್ರಿಟಿಕ್‌ನ ಓದುಗರ ಅಂಕದಲ್ಲಿ ಸೊನ್ನೆ ಕೊಟ್ಟರು, ಇಪ್ಪತ್ತು ಗಂಟೆ ಮೀರುವ ಆಟಕ್ಕೆ. ಆಮೇಲೆ ಮೆಟಾಕ್ರಿಟಿಕ್ ಗೇಮು ಬಂದು 36 ಗಂಟೆ ಕಳೆಯುವವರೆಗೆ ಜನರ ಅಂಕ ತೆಗೆದುಕೊಳ್ಳುವುದಿಲ್ಲ ಎಂದಿತು. ವಿಮರ್ಶಕರಿಗೆ ಇದೇ ಶಿಸ್ತನ್ನು ಬೇರೆ ದಾರಿಯಲ್ಲಿ ಕಲಿಸಿದ್ದು ಹಾಲೋ ನೈಟ್: ಸಿಲ್ಕ್‌ಸಾಂಗ್. 2025ರ ಸೆಪ್ಟೆಂಬರ್ 4ರಂದು ಬಂದ ಅದಕ್ಕೆ ಮುಂಗಡ ಪ್ರತಿಯನ್ನೇ ಕೊಡಲಿಲ್ಲ. ಎಲ್ಲರೂ ಒಂದೇ ದಿನ ಶುರು ಮಾಡಬೇಕಾಯಿತು. ‘ಎಷ್ಟು ಬಂತು?’ ಎಂದರೆ ‘ಇನ್ನೂ ಬಂದಿಲ್ಲ’ ಎಂಬ ಉತ್ತರ. ಗೋಪಿ ಸರ್ಕಲ್ಲಿನವರು ಆ ವಾರ ತಾವೇ ಆಡಿ ನೋಡುವ ಪರಿಸ್ಥಿತಿ.

ಅದೇ ಗೇಮಿಗೆ ಇಂಗ್ಲಿಷಿನಲ್ಲಿ ಆಡಿದವರು ಹೊಗಳಿದ್ದೇ ಹೊಗಳಿದ್ದು, ಚೀನಿ ಭಾಷೆಯಲ್ಲಿ ಆಡಿದವರು ಅನುವಾದ ಕೆಟ್ಟಿದೆ ಎಂದು ಬೈದರು. ಕಂಪ್ಯೂಟರ್ ಗೇಮು ಮಾರುವ ಸ್ಟೀಮ್ ಎಂಬ ಆನ್‌ಲೈನ್ ಅಂಗಡಿ ಕೆಲವೇ ವಾರಗಳ ಮೊದಲು ಭಾಷೆವಾರು ಅಂಕ ತೋರಿಸಲು ಶುರು ಮಾಡಿದ್ದರಿಂದ ಎರಡೂ ಬೇರೆ ಬೇರೆಯಾಗಿ ಕಂಡವು. ಚೀನಿಯವರ ಸಿಟ್ಟು ನ್ಯಾಯವಾದದ್ದು. ಮುಂದೊಂದು ದಿನ ಯಾವುದೋ ಗೇಮು ಕನ್ನಡಕ್ಕೆ ಬಂದು, ಸೇವ್ ಎನ್ನುವಲ್ಲಿ ‘ಉಳಿತಾಯ’, ಲೋಡ್ ಎನ್ನುವಲ್ಲಿ ‘ಹೊರೆ’ ಎಂದು ತೋರಿಸಿದರೆ ನಾವು ಎಷ್ಟು ಕೊಟ್ಟೇವು?

ಅಂಕವನ್ನೇ ನಂಬದವರಿಗೆ ಸ್ಟೀಮ್‌ನಲ್ಲಿ ಇನ್ನೊಂದು ದಾರಿ ಇದೆ: ಕೊಂಡ ಹದಿನಾಲ್ಕು ದಿನದೊಳಗೆ, ಆಡಿದ್ದು ಎರಡು ಗಂಟೆಗಿಂತ ಕಡಿಮೆಯಿದ್ದರೆ ದುಡ್ಡು ವಾಪಸ್ ಕೇಳಬಹುದು. ಡೌನ್‌ಲೋಡಿಗೆ ಹಿಡಿದ ಹೊತ್ತು ಲೆಕ್ಕಕ್ಕಿಲ್ಲ. ಮಳೆಗಾಲದಲ್ಲಿ ಹೊಸನಗರದ ಬ್ರಾಡ್‌ಬ್ಯಾಂಡಿನ ಮೇಲೆ ನೂರು ಜಿಬಿ ಇಳಿಸುವವರ ಪುಣ್ಯ. ಆದರೆ ಗೇಮು ತೆರೆದ ಮೇಲೆ ಚಿತ್ರ ಮೂಡಿಸುವ ಶೇಡರ್ ಸಿದ್ಧವಾಗುತ್ತಿದೆ ಎಂದು ಕಾಯಿಸುವ ಹದಿನೈದು ನಿಮಿಷ ಲೆಕ್ಕಕ್ಕಿದೆ, ನಾಯಕನ ಮೂಗು ತಿದ್ದುತ್ತ ಕೂತ ಮುಕ್ಕಾಲು ಗಂಟೆಯೂ ಲೆಕ್ಕಕ್ಕಿದೆ. ಮೂಗನ್ನು ಹಾಗೇ ಬಿಟ್ಟು ನೇರ ಮೊದಲ ಹೊಡೆದಾಟಕ್ಕೆ ಹೋಗಿ, ಜನಸಂದಣಿಯ ಜಾಗದಲ್ಲಿ ಕ್ಯಾಮೆರಾ ತಿರುಗಿಸಿ, ಆಟ ಮುಗ್ಗರಿಸುತ್ತದೆಯೋ ನೋಡಿ. ಕರೆಂಟು ಹೋದರೆ ಗಡಿಯಾರ ನಿಲ್ಲುತ್ತದೆ, ಮೆಸ್ಕಾಂನಿಂದ ಇಷ್ಟಾದರೂ ಉಪಕಾರ.

ಸ್ಟೀಮ್‌ನಲ್ಲಿ ಪ್ರತಿ ಅಭಿಪ್ರಾಯದ ಪಕ್ಕ ಆ ಮನುಷ್ಯ ಎಷ್ಟು ಗಂಟೆ ಆಡಿದ್ದಾನೆ ಎಂಬುದೂ ಇರುತ್ತದೆ. ಅಂಕಕ್ಕಿಂತ ಅದನ್ನು ಓದುವುದು ಹೆಚ್ಚು ರುಚಿ. ಇಪ್ಪತ್ತು ನಿಮಿಷ ಆಡಿ ‘ಅದ್ಭುತ’ ಎಂದವರು ಅಲ್ಲಿದ್ದಾರೆ. ಎಂಟುನೂರು ಗಂಟೆ ಆಡಿ, ಹೆಬ್ಬೆರಳು ಕೆಳಗೆ ಮಾಡಿ, ‘ಯಾರೂ ತೆಗೆದುಕೊಳ್ಳಬೇಡಿ’ ಎಂದವರೂ ಇದ್ದಾರೆ. ಎರಡನೆಯವರನ್ನು ನೋಡಿ ಅನೇಕರು ನಗುತ್ತಾರೆ. ಇಂಥವರೊಬ್ಬರು ದುರ್ಗಿಗುಡಿಯ ಯಾವ ಹೋಟೆಲಿನಲ್ಲಾದರೂ ಸಿಗುತ್ತಾರೆ. ಇಪ್ಪತ್ತು ವರ್ಷದಿಂದ ದಿನಾ ಬೆಳಿಗ್ಗೆ ಏಳೂವರೆಗೆ ಬಂದು, ಅದೇ ಮೂಲೆಯ ಟೇಬಲ್ಲಿನಲ್ಲಿ ಕೂತು, ಖಾಲಿ ದೋಸೆ ಮುರಿದು ಚಟ್ನಿಗೆ ಅದ್ದಿ, ‘ಮೊದಲಿನ ಹಂಗೆ ಇಲ್ಲ ಬಿಡಿ’ ಅನ್ನುತ್ತಾರೆ. ಮಾಣಿ ಕೇಳದೆಯೇ ಇನ್ನೊಂದು ಸೌಟು ಚಟ್ನಿ ಹಾಕಿ ಹೋಗುತ್ತಾನೆ.